ಕಾಕು ಆರಿಸಿದ ಬೈತಲೆ

ಮೊನ್ನೆ ಮಗಳ ಶಾಲೆಯ ಕೆಲಸಕ್ಕೆಂದು ಅಂಟಿನ ಡಬ್ಬಿ ತೆರೆದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ವಡೋದರಾದ ನಮ್ಮ ಎದುರುಮನೆಯ ಕಾಕು ನೆನಪಾದರು. ಹದಿನೈದು ದಿನಕ್ಕೊಮ್ಮೆ ಅವರ ಬೋಳುತಲೆಗೆ ಅಂಥದೇ ಅಂಟು ಸವರಿ ಕೂದಲು ಕೂರಿಸುತ್ತಿದ್ದವಳು ನಾನು...

ಕಾಕು ಧಾರವಾಡದವರು. ಅವರ ಯಜಮಾನರು, ನಮಗೆಲ್ಲ ಕಾಕಾ, ಊರ ಹೊರಗಿನ ಕೊಯಾಲಿಯ ತೈಲ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದರು. ನನ್ನ ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಆ ಸೊಸೈಟಿಗೆ ಹೋದಾಗ ಕನ್ನಡದ ಮನೆ ಅದೊಂದೇ. ಎರಡನೆಯ ವರ್ಷ ಕಾಕುವಿನ ಕೂದಲು ಬಿಲ್ಲೆಬಿಲ್ಲೆಯಾಗಿ ಉದುರತೊಡಗಿ, ಆರು ತಿಂಗಳಲ್ಲಿ ಒಂದೂ ಉಳಿಯಲಿಲ್ಲ. ಮತ್ತೆ ಬೆಳೆಯುವುದು ಕಷ್ಟ ಎಂದರು ಡಾಕ್ಟರು. ಕಾಕು ಸೆರಗು ಹೊದ್ದು ಸುಮ್ಮನಾಗುತ್ತಿದ್ದರೇನೋ. ಆದರೆ ಅದೇ ಹೊತ್ತಿಗೆ ಕಾಕಾನಿಗೆ ಮರೆವಿನ ಕಾಯಿಲೆ ಹಿಡಿದಿತ್ತು. ಒಂದು ಮಧ್ಯಾಹ್ನ ಊಟ ಬಡಿಸುತ್ತಿದ್ದ ಹೆಂಡತಿಯನ್ನೇ ನೋಡಿ, "ನೀವು ಯಾರ್ರೀ? ನಮ್ಮಾಕಿ ಎಲ್ಲಿ ಹೋದ್ಲು?" ಎಂದರಂತೆ.

"ನಂದೇನಿಲ್ಲ ತಂಗಿ. ಅವರಿಗೆ ನನ್ನ ಗುರ್ತ ಸಿಗಬೇಕು," ಎಂದು ಕಾಕು ನನ್ನ ಕೈ ಹಿಡಿದುಕೊಂಡರು.

ಇಬ್ಬರೂ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಕೃತಕ ಕೂದಲು ಮಾಡಿಕೊಡುವ ಒಂದು ಅಂಗಡಿಗೆ ಹೋದೆವು. ಅಲ್ಲಿ ತಲೆಯ ಅಳತೆ ತೆಗೆದು, ತೆಳುವಾದ ಬಲೆಯ ಮೇಲೆ ಒಂದೊಂದೇ ಕೂದಲನ್ನು ಗಂಟು ಹಾಕಿ ಕೊಡುತ್ತಿದ್ದರು. ಕೂದಲು ಯಾವ ಕಡೆ ಬಾಗಬೇಕು, ಬೈತಲೆ ಎಲ್ಲಿ ಬರಬೇಕು ಎಂಬುದನ್ನು ಮೊದಲೇ ಹೇಳಬೇಕು. ಗಂಟು ಬಿದ್ದ ಮೇಲೆ ಬದಲಿಸಲಾಗದು. "ಬೇನ್, ಸೇಂಥೋ ವಚ್ಚೆ ಕೆ ಬಾಜುಮಾ?" ಎಂದರು ಅಂಗಡಿಯವರು. ಬೈತಲೆ ನಡುವೆಯೋ, ಪಕ್ಕಕ್ಕೋ?

ನಾನು ಕಂಡಂದಿನಿಂದ ಕಾಕುವಿನದು ನಡುಬೈತಲೆ. ಅದನ್ನೇ ಹೇಳೋಣ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಕಾಕಾ ಆಗೀಗ ಮಾತಾಡುತ್ತಿದ್ದದ್ದೆಲ್ಲ ಮದುವೆಯಾದ ಹೊಸತರ ಸಂಗತಿ. ಆಗ ಕಾಕು ಎಡಕ್ಕೆ ಬೈತಲೆ ತೆಗೆಯುತ್ತಿದ್ದರಂತೆ. ಕನ್ನಡಿಯ ಮುಂದೆ ಕೂತು ಬೋಳುತಲೆಯ ಮೇಲೆ ಬೆರಳಿನಿಂದ ಗೆರೆ ಎಳೆದರು. ಅಳಿಸಿದವರಂತೆ ಸವರಿ ಮತ್ತೆ ಎಳೆದರು. "ನೀ ಎದುರಿಗೆ ನಿಂದ್ರು ತಂಗಿ. ಅವರು ನೋಡೋ ಹಂಗ ನೋಡು."

ಅವರ ಹಣೆಯಂಚಿನಲ್ಲಿ ಮೊದಲು ಒಂದು ಸುಳಿ ಇತ್ತು. ಎಷ್ಟು ಎಣ್ಣೆ ಹಚ್ಚಿದರೂ ಅಲ್ಲಿನ ಕೂದಲು ಮೇಲಕ್ಕೇಳುತ್ತಿತ್ತು. ಅದನ್ನೂ ಹಾಕಿಸಬೇಕೆಂದರು. ಅಂಗಡಿಯವರು ನಕ್ಕು, ಎಲ್ಲರೂ ಅದನ್ನು ತೆಗೆಸಲು ಕೇಳುತ್ತಾರೆ, ಹಾಕಿಸಲು ಕೇಳಿದವರು ನೀವೇ ಮೊದಲು ಎಂದರು. ಕಾಕು ನಗಲಿಲ್ಲ. ನನಗಷ್ಟೇ ಕೇಳುವಂತೆ, "ಅದನ್ನ ಅವರು ದಿನಾ ಬೆರಳಿಂದ ಒತ್ತತಿದ್ರು," ಎಂದರು.

ಎರಡು ತಿಂಗಳ ಮೇಲೆ ಹೋಗಿ ಕೂದಲು ಹಾಕಿಸಿಕೊಂಡು ಬಂದ ಸಂಜೆ ಕಣ್ಣಿಗೆ ಕಟ್ಟಿದಂತಿದೆ. ಕಾಕು ಬಾಗಿಲು ತೆಗೆದು, ಹೊಸ್ತಿಲ ಬಳಿ ಬಗ್ಗಿ ಚಪ್ಪಲಿ ಬಿಚ್ಚುತ್ತಿದ್ದರು. ಹಿಂದೆ ನಾನು. ಬಾಲ್ಕನಿಯ ಕಡೆ ಮುಖ ಮಾಡಿ ಕೂತಿದ್ದ ಕಾಕಾ, "ಬಂದ್ಯಾ? ಎಷ್ಟ್ ಹೊತ್ತ ಮಾಡಿದಿ!" ಎಂದರು. ತಿರುಗಿ ನೋಡಿದ್ದು ಆಮೇಲೆ. ಅದು ಕಾಕುವಿಗೆ ಕಾಣಲಿಲ್ಲ. ಅವರು ತಲೆ ಎತ್ತುವಷ್ಟರಲ್ಲಿ ಕಾಕಾ ಈ ಕಡೆ ನೋಡುತ್ತಿದ್ದರು.

"ಗುರ್ತ ಹಿಡಿದ್ರು ನೋಡು," ಎಂದು ಕಾಕು ಅಡುಗೆಮನೆಯಲ್ಲಿ ಅತ್ತರು. ಬಳೆಯ ಸದ್ದೋ, ಹೆಜ್ಜೆಯೋ, ಕಾಕಾನಿಗೆ ಸಿಕ್ಕ ಗುರುತು ಬೇರೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಆಮೇಲೆ ನಾಲ್ಕು ವರ್ಷ. ವಡೋದರಾದ ಬೇಸಿಗೆಯಲ್ಲಿ ಬಲೆಯ ಕೆಳಗೆ ಬೆವರು, ಅಂಟಿಗೆ ಎದ್ದ ಗುಳ್ಳೆಗಳು... ಕಾಕಾ ಕೆಲವು ದಿನ ಗುರುತಿಸುತ್ತಿದ್ದರು, ಕೆಲವು ದಿನ ಇಲ್ಲ. ಇಲ್ಲವಾದ ದಿನ ಕಾಕು ನನ್ನ ಬಾಗಿಲು ಬಡಿಯುತ್ತಿದ್ದರು. "ಬೈತಲಿ ಸೊಟ್ಟ ಆಗೇತೇನ, ನೋಡವಾ." ಸೊಟ್ಟವಾಗಿರುತ್ತಿರಲಿಲ್ಲ. ಆದರೂ ಬಾಚಿ, ಈಗ ಸರಿಯಾಯಿತು ಎನ್ನುತ್ತಿದ್ದೆ.

ಕಾಕಾ ತೀರಿಕೊಂಡ ಮರುದಿನ ಕಾಕು ಆ ಕೂದಲನ್ನು ತೆಗೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಸೂರತ್ತಿನ ಮಗನ ಮನೆಯಲ್ಲಿದ್ದವರು ಹೋದ ವರ್ಷ ಹೋಗಿಬಿಟ್ಟರು. ನಮಗೆ ತಿಳಿಯುವಾಗ ಹನ್ನೆರಡನೆಯ ದಿನವೂ ಕಳೆದಿತ್ತು.

ಕಾಕಾ ನೋಡುವ ಮೊದಲೇ ಗುರುತು ಹಿಡಿದರೆಂದು ಆ ಸಂಜೆಯೇ ಹೇಳಿದ್ದರೆ ಅವರು ಬರಿಯ ತಲೆಯಲ್ಲಿ, ಗಾಳಿಗೆ ಕೂತು, ಆ ನಾಲ್ಕು ಬೇಸಿಗೆ ಕಳೆಯಬಹುದಿತ್ತು. ನನ್ನ ಬಾಚಣಿಗೆಯನ್ನೇ ನಂಬಿದರು. ಈಗ ಹೇಳೋಣವೆಂದರೆ ಕಾಕು ಇಲ್ಲ.