ಪಿಸ್ತೂಲ್ ಕಾಕು

ಬೈಲಹೊಂಗಲದ ಸುಂದರಾಬಾಯಿಗೆ ಓಣಿಯವರು ಇಟ್ಟ ಹೆಸರು ಪಿಸ್ತೂಲ್ ಕಾಕು, ಅಂದರೆ ಪಿಸ್ತೂಲ್ ಚಿಕ್ಕಮ್ಮ. ಅರವತ್ತೊಂದರಲ್ಲೂ ಏರ್ ಪಿಸ್ತೂಲ್ ಸ್ಪರ್ಧೆಗಳಿಗೆ ಹೋಗುವ ಈಕೆ ಸವದತ್ತಿ ಬಸ್ಸಿನಲ್ಲಿ ನಿಂತು ಚಹಾ ಕುಡಿದರೂ ಸೀರೆಗೆ ಹನಿ ಬೀಳುವುದಿಲ್ಲವೆಂದು ಓಣಿಯೆಲ್ಲ ಹೆಮ್ಮೆಯಿಂದ ಹೇಳುತ್ತದೆ. ದಿನಾ ಮುಂಜಾನೆ ಪಡಸಾಲೆಯ ಗೋಡೆಗೆ ಅಂಟಿಸಿದ ಕರಿ ಚುಕ್ಕೆಗೆ ಖಾಲಿ ಪಿಸ್ತೂಲಿನಿಂದ ಗುರಿಯಿಟ್ಟು, ಉಸಿರು ಬಿಗಿಹಿಡಿದು ನಿಲ್ಲುತ್ತಾಳೆ. ಆಗಲೇ ಒಳಗಿನಿಂದ ಗಂಡ ನೀಲಕಂಠರಾಯರ ದನಿ: "ಚಹಾ ಆತೇನ? ನನ್ನ ಚಾಳೀಸ ಎಲ್ಲೆ ಅದ?" "ಬಂದೆ" ಎಂದು ಕೈ ಇಳಿಸುತ್ತಾಳೆ. ಕನ್ನಡಕ ಅವರ ಹಣೆಯ ಮೇಲೇ ಇರುತ್ತದೆ. ಬರುವ ರವಿವಾರ ರಾಜ್ಯಮಟ್ಟದ ಸ್ಪರ್ಧೆ. ಎಪ್ಪತ್ತೈದು ನಿಮಿಷದಲ್ಲಿ ಅರವತ್ತು ಸಲ ಗುರಿ ಹೊಡೆಯಬೇಕು. ಮನೆಯಲ್ಲಿ ಅವಳಿಗೆ ಏಳು ನಿಮಿಷ ಒಟ್ಟಿಗೆ ಸಿಕ್ಕಿದ್ದಿಲ್ಲ. ಮೊನ್ನೆ ಮಗಳು ವರದಾ ಮನೆಯ ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಲು ಕೂತಳು. ಮುಂಜಿ, ಸೀಮಂತ, ತೊಟ್ಟಿಲು, ಎಲ್ಲದರಲ್ಲೂ ಎಲ್ಲರೂ ಇದ್ದಾರೆ, ಅವ್ವ ಮಾತ್ರ ಇಲ್ಲ. ತವರಿನಿಂದ ತಂದ ಕ್ಯಾಮೆರಾ ಹಿಡಿದವಳೇ ಅವಳು. "ನೋಡ, ಕೂದಲೆಳಿಯಷ್ಟೂ ಅಲುಗಿಲ್ಲ ಕೈ," ಎಂದು ಸುಂದರಾಬಾಯಿ ಬೀಗಿದಳು. ವರದಾಳಿಗೆ ಬೇರೆಯೇ ಕೇಳಿಸಿತ್ತು. ಪ್ರತಿ ಕ್ಯಾಸೆಟ್ಟಿನಲ್ಲೂ ಮೈದುನರೋ ನಾದಿನಿಯರೋ "ವೈನಿ, ಚಹಾ!" ಎಂದು ಕೂಗುತ್ತಾರೆ, "ಬಂದೆ" ಎಂದು ಅವ್ವನ ಎಳೆಯ ದನಿ ಓಗೊಡುತ್ತದೆ, ಆಮೇಲೆ ಕೆಳಗಿಟ್ಟ ಕ್ಯಾಮೆರಾದಲ್ಲಿ ಬಹಳ ಹೊತ್ತು ಬರೀ ಗೋಡೆ ಕಾಣುತ್ತದೆ. ಮರುದಿನ ಮುಂಜಾನೆ ರಾಯರು ಕೂಗಿದಾಗ ವರದಾ ಪಡಸಾಲೆಯ ಬಾಗಿಲಿಗೆ ಅಡ್ಡ ನಿಂತಳು: "ಅಪ್ಪಾ, ಅವ್ವ ಬರೂದಿಲ್ಲ. ಚಹಾಪುಡಿ ಎರಡನೇ ಡಬ್ಬ್ಯಾಗ ಅದ, ನೀವ ಮಾಡ್ಕೋರಿ. ಚಾಳೀಸ ಹಣಿ ಮ್ಯಾಲ ಅದ." ಅವಳ ಬೆನ್ನ ಹಿಂದೆ ಸುಂದರಾಬಾಯಿಯ ಕೈ ಇಳಿಯಲಿಲ್ಲ.