ನೆತ್ತಿಯ ಮೇಲಿನ ಪೇಸ್ಟ್ ಪರೀಕ್ಷೆ

ಪ್ರಪಂಚದಲ್ಲಿ ಬೋಳುತಲೆಗಳಿಗೇನೂ ಬರವಿಲ್ಲ. ಆದರೆ ಪ್ರಯೋಗಶಾಲೆಯೆನಿಸಿಕೊಂಡ ಬೋಳುತಲೆ ಒಂದೇ. ಅದು ಕಂಪ್ಯೂಟರ್ ರಿಪೇರಿಯವನದು. ಪ್ರೊಸೆಸರಿಗೂ ಅದರ ಬಿಸಿ ಹೀರುವ ಲೋಹಕ್ಕೂ ನಡುವೆ ಬಳಿಯುವ ಥರ್ಮಲ್ ಪೇಸ್ಟನ್ನು ಅವನು ಮೊದಲು ತನ್ನ ನೆತ್ತಿಗೆ ಬಳಿದುಕೊಳ್ಳುತ್ತಿದ್ದ. ಅದರ ಮೇಲೆ ಬಿಸಿನೀರು ತುಂಬಿದ ಸ್ಟೀಲ್ ಲೋಟ. ಯಾವುದು ಬೇಗ ಚುರುಕ್ಕೆನ್ನಿಸುತ್ತದೋ ಅದೇ ಶಾಖವನ್ನು ಬೇಗ ದಾಟಿಸುವ ಪೇಸ್ಟು. ಈ ಶಾಸ್ತ್ರಕ್ಕೆ ನೆತ್ತಿ ತೆತ್ತು ಅವನು ಗಳಿಸಿದ ಬಿರುದು 'ಬೋಳು ವಿಜ್ಞಾನಿ'. ಎದುರಿನ ಕ್ಷೌರದವನಂತೂ, ತನಗೆಂದೂ ಗಿರಾಕಿಯಾಗದ ಆ ತಲೆಗೆ ದೂರದಿಂದಲೇ ಕೈಮುಗಿಯುತ್ತಿದ್ದ.

ವಿಜ್ಞಾನಿಯ ಅಕ್ಕನಿಗೆ ಮಾತ್ರ ಆ ದಿನ ಈ ಭಕ್ತಿ ಉಳಿದಿರಲಿಲ್ಲ. ಅವಳ ಕಸೂತಿ ಯಂತ್ರ ನಡೆಸುವ ಕಂಪ್ಯೂಟರ್ ಹತ್ತು ನಿಮಿಷಕ್ಕೊಮ್ಮೆ ಕಾದು ಸ್ತಬ್ಧವಾಗುತ್ತಿತ್ತು. ಅಗ್ನಿಶಾಮಕ ದಳದ ಅಂಗಿಗಳಿಗೆ ಸಂಜೆಯೊಳಗೆ ಜ್ವಾಲೆಯ ಲಾಂಛನ ಹೊಲಿದು ಕೊಡದಿದ್ದರೆ ಆರ್ಡರ್ ಪಕ್ಕದ ಬೀದಿಯವರ ಪಾಲು. ಆಗಲೇ ಒಂಬತ್ತು ಅಂಗಿಗಳ ಮೇಲೆ ಬೆಂಕಿ ಅರ್ಧಕ್ಕೇ ಆರಿತ್ತು.

ವಿಜ್ಞಾನಿ ಅವಸರಪಡಲಿಲ್ಲ. ನಾಲ್ಕು ಟ್ಯೂಬುಗಳನ್ನು ಸಾಲಾಗಿಟ್ಟು, ಸಿಂಹಾಸನವೇರಿದವನಂತೆ ಸ್ಟೂಲಿನ ಮೇಲೆ ಕೂತ. ಲೋಟ ಹಿಡಿದು ಎಣಿಸುವ ಕೆಲಸ ಭಾವನದು. ಮೊದಲನೆಯದಕ್ಕೆ ಹನ್ನೊಂದು ಎಣಿಸುವಾಗ ವಿಜ್ಞಾನಿ 'ಹಾ' ಎಂದ, ಎರಡನೆಯದಕ್ಕೆ ಎಂಟು. ಮೂರನೆಯದಕ್ಕೆ ನಲವತ್ತಾದರೂ ನೆತ್ತಿ ಮಿಸುಕಲಿಲ್ಲ. ಇದು ಪೇಸ್ಟೋ ಸುಣ್ಣವೋ ಎಂದು ಭಾವ ಗೊಣಗುವಷ್ಟರಲ್ಲಿ ಅಕ್ಕ ಲೋಟ ಮುಟ್ಟಿ ನೋಡಿದಳು.

"ರೀ, ನೀರೇ ತಣ್ಣಗಾಗಿದೆ. ಹೋಗಿ ಕಾಯ್ಸಿ. ನಂಗಿರೋದು ಇನ್ನು ಮೂರೇ ಗಂಟೆ."

ಹೊಸ ನೀರಿಗೆ ಮೂರನೆಯದು ಆರಕ್ಕೆ ಬಂತು. ನಾಲ್ಕನೆಯದಕ್ಕೆ ಭಾವ 'ಎರಡು' ಅನ್ನುವುದರೊಳಗೆ ವಿಜ್ಞಾನಿ ಸಿಂಹಾಸನ ಬಿಟ್ಟು ಮೇಲಕ್ಕೆ ಹಾರಿದ. ಲೋಟ ಬಾಗಿಲಾಚೆ ಉರುಳಿತು. ಒಂದೇ ಕಾಲಲ್ಲಿ ಕುಣಿಯುತ್ತಲೇ 'ಇದೇ, ಇದೇ' ಎಂದು ತೀರ್ಪಿತ್ತ.

ಬಟಾಣಿಯಷ್ಟು ಪೇಸ್ಟು ಪ್ರೊಸೆಸರಿನ ಮೇಲೆ ಕೂತಿತು. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಕೊನೆಯ ಜ್ವಾಲೆಯ ದಾರ ಕತ್ತರಿಸುವ ಹೊತ್ತಿಗೆ ದಳದ ಜೀಪು ಬಾಗಿಲಲ್ಲಿತ್ತು. ಅಂಗಿಗಳನ್ನು ಕಳಿಸಿ ನಿರಾಳವಾಗಿ ಮೇಜು ಒರೆಸುತ್ತಿದ್ದ ಅಕ್ಕ ಒಂದು ಟ್ಯೂಬನ್ನು ಎತ್ತಿ ನೋಡಿದಳು. ಆಮೇಲೆ ಇನ್ನೊಂದನ್ನು. ನಾಲ್ಕನ್ನೂ ನೋಡಿ ತಮ್ಮನತ್ತ ತಿರುಗಿದಳು.

"ಲೋ, ಯಾವುದು ಎಷ್ಟು ಶಾಖ ದಾಟಿಸುತ್ತೆ ಅಂತ ಟ್ಯೂಬ್ ಮೇಲೇ ನಂಬರ್ ಹಾಕಿದಾರಲ್ಲೋ. ನಾಲ್ಕನೇದರದ್ದೇ ಎಲ್ಲಕ್ಕಿಂತ ಜಾಸ್ತಿ. ಇಷ್ಟು ವರ್ಷ ತಲೆ ಯಾಕೋ ಸುಟ್ಕೊಂಡೆ?"

ವಿಜ್ಞಾನಿ ನೆತ್ತಿಗೆ ಒದ್ದೆ ಬಟ್ಟೆ ಒತ್ತಿಕೊಂಡ.

"ಅಕ್ಷರ ತುಂಬಾ ಚಿಕ್ಕದು ಅಕ್ಕ. ನಂಗೆ ಕಾಣ್ಸಲ್ಲ."