ಅಮೋನಿಯಾದ ಮೇಲಿನ ಎರಡು ಚುಕ್ಕಿ

ಐವತ್ತರ ದಶಕದ ನಡುವಿನಲ್ಲಿ, ಮೈಸೂರಿನ ಕಾಲೇಜಿನಲ್ಲಿ, ಇಂಟರ್‌ಮೀಡಿಯೆಟ್‌ನ ರಸಾಯನಶಾಸ್ತ್ರದಲ್ಲಿ ನಾನು ಫೇಲಾದಾಗ ಅಪ್ಪ ಒಂದೇ ಮಾತು ಹೇಳಿದ: "ಇನ್ನೊಂದ್ಸಲ ಪರೀಕ್ಷೆ ಕಟ್ಟು. ಆಗ್ನಿಲ್ವಾ, ಮೈಸೂರು ಸಾಕು." ಅಂದರೆ ಓದು ಮುಗಿಯಿತು, ಇನ್ನು ನಮ್ಮೂರು ಹರದನಹಳ್ಳಿಯೇ. ಸಿಟ್ಟಿನಿಂದ ಹೇಳಿದನೋ ಬೇಸರದಿಂದಲೋ? ನೆನಪಿನಲ್ಲಿ ಎರಡು ದನಿಯೂ ಕೇಳಿಸುತ್ತವೆ, ಯಾವುದನ್ನು ನಂಬಲಿ?

ಚಾಮರಾಜನಗರದ ಹೈಸ್ಕೂಲಿನ ವಿಜ್ಞಾನದ ಮೇಷ್ಟರು ಪಾಠ ಹೇಳಿಕೊಡಲು ಒಪ್ಪಿದರು. ಭಾನುವಾರ ಅಪ್ಪನೇ ಜೊತೆಗೆ ಬಂದು ಲ್ಯಾಬೊರೇಟರಿಯ ಬಾಗಿಲಲ್ಲಿ ಟವಲು ಹಾಸಿಕೊಂಡು ಕೂತ.

ಮೇಷ್ಟರು ಬೋರ್ಡಿನ ಮೇಲೆ ಮೀಥೇನ್ ಬರೆದರು. ನಡುವೆ ಕಾರ್ಬನ್, ಅದರ ಹೊರಗಿನ ನಾಲ್ಕು ಎಲೆಕ್ಟ್ರಾನುಗಳಿಗೆ ನಾಲ್ಕು ಚುಕ್ಕಿ. ಒಂದೊಂದು ಹೈಡ್ರೋಜನ್ ತನ್ನ ಒಂದೇ ಚುಕ್ಕಿಯನ್ನು ತಂದು ಜೋಡಿ ಮಾಡುತ್ತದೆ. ಆ ಜೋಡಿ ಇಬ್ಬರದೂ, ಅದೇ ಬಂಧ. ನನಗೆ ಹಗುರಾಯಿತು. ಚುಕ್ಕಿ ಇಟ್ಟು ಕೂಡಿಸುವುದು ಚಿಕ್ಕಂದಿನಿಂದ ಮಾಡಿದ ಕೆಲಸ.

"ಈಗ ಅಮೋನಿಯಾ ಬರಿ" ಎಂದರು. ನೈಟ್ರೋಜನ್ನಿಗೆ ಐದು ಚುಕ್ಕಿ ಇಟ್ಟೆ. ಮೂರಕ್ಕೆ ಮೂರು ಹೈಡ್ರೋಜನ್ ಸೇರಿಸಿದೆ. ಮೇಲೆ ಎರಡು ಉಳಿದವು. ಕೈ ನಿಲ್ಲಲಿಲ್ಲ, ಅಲ್ಲಿಗೂ ಒಂದು ಹೈಡ್ರೋಜನ್ ಅಂಟಿಸಿದೆ.

"ಈ ನಾಲ್ಕನೇದನ್ನ ಯಾರಮ್ಮ ಕರ್ದೋರು?"

"ಚುಕ್ಕಿ ಹಂಗೇ ಬುಡಬಾರ್ದು ಸಾರ್. ಅವ್ವ ಬಯ್ತಾಳೆ."

"ರಂಗೋಲಿ ಇಕ್ಕಾಕೆ ಇಷ್ಟು ದೂರ ಬಂದ್ಯೇನಮ್ಮಿ?" ಎಂದ ಅಪ್ಪ, ಬಾಗಿಲಿನಿಂದಲೇ.

ಮೇಷ್ಟರು ನಕ್ಕರು. ನನಗೆ ನಗು ಬರಲಿಲ್ಲ. ಗೆರೆಗೆ ಸೇರದ ಒಂದು ಚುಕ್ಕಿ ಕಂಡರೂ ಅವ್ವ ಇಡೀ ರಂಗೋಲಿ ಅಳಿಸಿ ಮತ್ತೆ ಹಾಕಿಸುತ್ತಿದ್ದಳು. ಪರೀಕ್ಷೆಯಲ್ಲೂ ನಾನು ಹೀಗೇ ಬರೆದು ಬಂದಿದ್ದೆ.

"ಅವೆರಡು ಸುಮ್ನೆ ಕೂತಿಲ್ಲ, ನೋಡು" ಎಂದು ಮೇಷ್ಟರು ಬೀರುವಿನಿಂದ ಎರಡು ಸೀಸೆ ತಂದರು. ಒಂದರಲ್ಲಿ ಅಮೋನಿಯಾ, ಇನ್ನೊಂದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲ. ಮುಚ್ಚಳ ತೆಗೆದು ಒಂದರ ಬಾಯಿಗೆ ಇನ್ನೊಂದರ ಬಾಯಿ ಹತ್ತಿರ ತಂದರು. ಏನೂ ಇಲ್ಲದ ಗಾಳಿಯಲ್ಲಿ ಬಿಳಿ ಹೊಗೆ ಹುಟ್ಟಿ ಸುರುಳಿಯಾಗಿ ಎದ್ದಿತು. ಆಮ್ಲದ ಹೈಡ್ರೋಜನ್ ತನ್ನ ಎಲೆಕ್ಟ್ರಾನನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಬಂದು ಆ ಎರಡು ಚುಕ್ಕಿಯಲ್ಲಿ ಪಾಲು ಪಡೆಯುತ್ತದೆ, ಹಾಗೆ ನಾಲ್ಕನೆಯದು ಸೇರಿದ ಮೇಲೆ ಅಮೋನಿಯಾ ಅಮೋನಿಯಾ ಆಗಿ ಉಳಿಯುವುದಿಲ್ಲ, ಈ ಹೊಗೆ ಒಂದು ಬಗೆಯ ಉಪ್ಪಿನ ಪುಡಿ ಎಂದರು.

ಹೊಗೆ ಸೂರಿನವರೆಗೂ ಏರಿತೆಂದು ನನ್ನ ನೆನಪು. ಎರಡು ಸಣ್ಣ ಸೀಸೆಗಳಿಂದ ಅಷ್ಟು ಏರಲಾರದು. ನನ್ನ ಆಗಿನ ಡೈರಿಯಲ್ಲಿರುವುದು "ಬಿಳಿ ಹೊಗೆ. ಅಪ್ಪ ಕೆಮ್ಮಿದ" ಎಂದಷ್ಟೇ. ಆದರೆ ಇದು ಸುಳ್ಳಲ್ಲ: ಸೀಮೆಸುಣ್ಣದಲ್ಲಿ ನಾನಿಟ್ಟ, ಯಾರ ಕಣ್ಣಿಗೂ ಕಾಣದಷ್ಟು ಸಣ್ಣದರ ಗುರುತಾದ ಎರಡು ಚುಕ್ಕಿ, ನಾನು ನಿಂತ ಕೋಣೆಯಲ್ಲೇ ಕೆಲಸ ಮಾಡುತ್ತಿದ್ದವು.

ಅಪ್ಪ ಎದ್ದು ಬಂದು ಹೊಗೆಯೊಳಗೆ ಬೆರಳಾಡಿಸಿದ. "ಬಿಸಿನೇ ಇಲ್ವಲ್ಲ ಮೇಷ್ಟ್ರೇ! ನಮ್ ಮಗ್ಳು ಇಕ್ಕಿದ ಆ ಚುಕ್ಕಿನೇ ಇದ ಮಾಡ್ಬುಟ್ಟದ್ದಾ?"

"ಅದೇ."

ನಾನು ನಾಲ್ಕನೆಯ ಹೈಡ್ರೋಜನ್ನನ್ನು ಒರೆಸಿದೆ. ಅಪ್ಪ ಬೋರ್ಡಿನ ಹತ್ತಿರ ಬಂದು ಉಳಿದ ಎರಡು ಚುಕ್ಕಿಯನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗದೆ ಮೇಷ್ಟರನ್ನು ಕೇಳಿದ್ದು ಡೈರಿಯಲ್ಲಿ ಹಾಗೆಯೇ ಇದೆ:

"ಈ ಸಲನೂ ಆಗ್ನಿಲ್ಲ ಅಂದ್ರೆ, ಮೂರ್ನೇ ಸಲ ಕಟ್ಟಾಕೆ ಬುಟ್ಟಾರಾ?"